ಈ ಭಾನುವಾರದ ಆಟಗಾರ: ಜಿಮ್ಮಿ ಸ್ಪೀರ್ಸ್

ಗೆಳೆಯರೇ, ಮೆಸ್ಸಿ, ರೊನಾಲ್ಡೊ ಜಗಳಕ್ಕೆ ಈ ವಾರ ಬಿಡುವು. ಭಾನುವಾರದ ಹರಟೆಗೆ ಗ್ಲಾಸ್ಗೋದಲ್ಲಿ 1886ರಲ್ಲಿ ಹುಟ್ಟಿದ ಜಿಮ್ಮಿ ಸ್ಪೀರ್ಸ್. ರೇಂಜರ್ಸ್, ಕ್ಲೈಡ್ ತಂಡಗಳಲ್ಲಿ ಆಡಿ ಇಂಗ್ಲೆಂಡಿನ ಬ್ರಾಡ್‌ಫರ್ಡ್ ಸಿಟಿ ತಂಡ ಸೇರಿದ. ಸ್ಕಾಟ್ಲೆಂಡ್ ಪರ ಆಡಿದ್ದು ಒಂದೇ ಒಂದು ಪಂದ್ಯ, 1908ರಲ್ಲಿ.

1911ರ ಎಫ್‌ಎ ಕಪ್ (ಇಂಗ್ಲೆಂಡಿನ ಫುಟ್‌ಬಾಲ್ ತಂಡಗಳ ನಾಕೌಟ್ ಟೂರ್ನಿ) ಫೈನಲ್ ಗೋಲಿಲ್ಲದೆ ಮುಗಿಯಿತು. ಓಲ್ಡ್ ಟ್ರಾಫರ್ಡ್‌ನ ಮರುಪಂದ್ಯದಲ್ಲಿ ನ್ಯೂಕ್ಯಾಸಲ್ ವಿರುದ್ಧ ಚೆಂಡನ್ನು ತಲೆಯಿಂದ ಬಲೆಗೆ ತಳ್ಳಿ ಏಕೈಕ ಗೋಲು ಹೊಡೆದವನು ಬ್ರಾಡ್‌ಫರ್ಡ್ ಸಿಟಿ ನಾಯಕ ಸ್ಪೀರ್ಸ್. ಆ ವರ್ಷ ಹೊಸದಾಗಿ ಮಾಡಿಸಿದ್ದ ಟ್ರೋಫಿಯೂ ಬ್ರಾಡ್‌ಫರ್ಡಿನ ಫಟೋರಿನಿ ಅಂಗಡಿಯದೇ. ಊರಿನ ಬೆಳ್ಳಿ ಊರಿಗೇ ಮರಳಿತು!

ಮುಂದೆ ಲೀಡ್ಸ್ ಸಿಟಿ, ಆಮೇಲೆ ಸೇನೆ. ಮಿಲಿಟರಿ ಮೆಡಲ್ ಪಡೆದಿದ್ದ ಈ ಸಾರ್ಜೆಂಟ್ 1917ರ ಆಗಸ್ಟ್‌ನಲ್ಲಿ ಬೆಲ್ಜಿಯಂನ ರಣರಂಗದಲ್ಲಿ ಮಡಿದ.

ಹಳೆಯ ಫೋಟೊ ಸಿಕ್ಕವರು ಶನಿವಾರ ರಾತ್ರಿಯೊಳಗೆ ಇಲ್ಲಿ ಹಾಕಿ. ಶುಭೋದಯದ ಹೂವಿನ ಚಿತ್ರಗಳು ದಯವಿಟ್ಟು ಬೇಡ.