ಅಜ್ಜಿಯ ಮಾತ್ರೆ: ಮಗಳಿಗೊಂದು ಪತ್ರ

ಪುಟ್ಟೀ,

ನಿನ್ನೆ ಫೋನಿನಲ್ಲಿ ನೆನಪಿಲ್ಲ ಅಂದೆನಲ್ಲ, ಅದು ಸುಳ್ಳು. ಅಜ್ಜಿಯ ಬಿ.ಪಿ. ಮಾತ್ರೆ ಹೆಸರು ನನಗೆ ಚೆನ್ನಾಗಿ ನೆನಪಿದೆ. ನಿಫೆಡಿಪಿನ್ 20. ಅದರ ಮುಂದೆ ‘ರಿಟಾರ್ಡ್’ ಅಂತ ಬರೆದಿತ್ತು. ನೀನು ಕೇಳಿದ್ದು ಆ ಕೊನೇ ಪದವನ್ನೇ ಅಲ್ವಾ? ಇತ್ತು ಕಣಮ್ಮ. ಸಿಗ್ನಲ್ ಸಿಗುತ್ತಿಲ್ಲ ಅಂತ ಫೋನ್ ಇಟ್ಟಿದ್ದೂ ನಾಟಕ.

ಆಗ ನಿನಗೆ 10 ವರ್ಷ. ಮಾತ್ರೆ ಗಂಟಲಲ್ಲಿ ಇಳಿಯುತ್ತಿಲ್ಲ ಅಂತ ಅಜ್ಜಿ ಎರಡು ದಿನದಿಂದ ಗೊಣಗುತ್ತಿದ್ದಳು. ಮುದ್ದೆ ನುಂಗೋಳಿಗೆ ಇಷ್ಟು ಚಿಕ್ಕ ಮಾತ್ರೆ ನುಂಗೋಕಾಗಲ್ವಾ ಅಂತ ನಾನು ಗೇಲಿ ಮಾಡಿದೆ. ಹೊರಗೆ ಟೆಂಪೊ ನಿಂತಿತ್ತು. ಟೊಮೇಟೊ ಬಾಕ್ಸ್ ತುಂಬಿಸಿ ಕೋಲಾರದ ಮಂಡಿಗೆ ಹೊತ್ತಿಗೆ ಮುಂಚೆ ಸೇರಬೇಕಿತ್ತು. ಅವಸರದಲ್ಲಿ ಹೇಳಿದೆ, ‘ಪುಟ್ಟೀ, ಕುಟ್ಟಾಣೀಲಿ ಪುಡಿ ಮಾಡಿ ಬಾಳೆಹಣ್ಣಲ್ಲಿ ಕಲಸಿ ಕೊಡು.’ ನೀನು ಕೊಟ್ಟೆ. ಹಣ್ಣು ಕಹಿ ಅಂತ ಅಜ್ಜಿ ಮುಖ ಹಿಂಡಿದಳು, ನೀನು ನಕ್ಕೆ. ಆ ನಗು ನನಗೆ ಈಗಲೂ ಕೇಳಿಸುತ್ತದೆ. ಬಚ್ಚಲ ಹತ್ತಿರ ಅವಳು ಬಿದ್ದದ್ದು, ಆಮೇಲಿನ ಆಸ್ಪತ್ರೆ, ಅದೆಲ್ಲ ನಿನಗೇ ಗೊತ್ತು. ಬಿಡು.

ಅದು ರಕ್ತನಾಳ ಸಡಿಲ ಮಾಡಿ ಬಿ.ಪಿ. ಇಳಿಸೋ ಮಾತ್ರೆ. ‘ರಿಟಾರ್ಡ್’ ಅಂದರೆ ಮದ್ದನ್ನು ನಿಧಾನವಾಗಿ ಬಿಡೋದು, 12 ಗಂಟೆ ಸ್ವಲ್ಪ ಸ್ವಲ್ಪವಾಗಿ ಬಿಡಲಿ ಅಂತಲೇ ಹಾಗೆ ಮಾಡಿರುತ್ತಾರೆ. ನಮ್ಮ ತೋಟದ ಡ್ರಿಪ್ ಇದ್ದ ಹಾಗೆ. ಪುಡಿ ಮಾಡಿದರೆ ಕೆರೆ ತೂಬು ಪೂರ್ತಿ ಎತ್ತಿದ ಹಾಗೆ, ಇಡೀ ಹೊತ್ತಿನದು ಒಂದೇ ಸಲಕ್ಕೆ ಮೈಗೆ ನುಗ್ಗುತ್ತದೆ. ಅಜ್ಜಿ ಬಿದ್ದದ್ದು ಅದರಿಂದಲೇನಾ, ಬಚ್ಚಲ ಕಲ್ಲು ಜಾರಿತಾ, ಯಾವ ಡಾಕ್ಟರೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಇದು ನನಗೆ ತಿಳಿದದ್ದು ಒಂದು ವರ್ಷ ಬಿಟ್ಟು, ನನಗೆ ಶುಗರ್ ಬಂದಾಗ. ಮೆಡಿಕಲ್‌ನಲ್ಲಿದ್ದ ಹುಡುಗ, ‘ಇದು ಎಸ್‌ಆರ್ ಅಂಕಲ್, ಅಗೀಬೇಡಿ, ಪುಡಿ ಮಾಡ್ಬೇಡಿ’ ಅಂದ. ಯಾಕೆ ಅಂತ ಕೇಳಿದೆ, ಹೇಳಿದ. ಎಸ್‌ಆರ್ ಅಂದರೂ ರಿಟಾರ್ಡ್ ಥರಾನೇ, ನಿಧಾನವಾಗಿ ಬಿಡೋ ಮಾತ್ರೆ. ಮನೆಗೆ ಬಂದು ಅಜ್ಜಿಯ ಟ್ರಂಕ್ ತೆಗೆದು ಹಳೇ ಸ್ಟ್ರಿಪ್ ನೋಡಿದೆ. ಅವತ್ತಿನಿಂದ ಅದು ನನ್ನ ಹತ್ತಿರವೇ ಇದೆ. ನಿಮ್ಮಮ್ಮನಿಗೂ ಹೇಳಿಲ್ಲ. ನೀನು ಫಾರ್ಮಸಿ ಓದ್ತೀನಿ ಅಂದಾಗ ಬೇಡ ಅಂತ ಒಂದು ವಾರ ಮಾತು ಬಿಟ್ಟೆನಲ್ಲ, ಫೀಸ್‌ಗೆ ಅಂದುಕೊಂಡಿದ್ದೆ ನೀನು. ಫೀಸ್‌ಗಲ್ಲ. ಒಂದಲ್ಲ ಒಂದು ದಿನ ಆ ಪಾಠ ಬರುತ್ತದೆ ಅಂತ ಗೊತ್ತಿತ್ತು.

ದಸರಾಕ್ಕೆ ಬಂದಾಗ ನೋಟ್‌ಬುಕ್ ಬಿಟ್ಟುಹೋಗಿದ್ದೆ. ಎಸ್‌ಎಸ್‌ಎಲ್‌ಸಿ ಫೇಲಾದವನು ಕೂತು ಓದಿದೆ. ಎಂಟರಿಕ್ ಕೋಟೆಡ್ ಅಂದರೆ ಹೊಟ್ಟೆಯ ಆಮ್ಲದಲ್ಲಿ ಕರಗಬಾರದು, ಕರುಳಿಗೆ ಹೋಗಿ ಕರಗಬೇಕು ಅಂತ ಪಕ್ಕದಲ್ಲಿ ಕನ್ನಡದಲ್ಲಿ ಬರೆದುಕೊಂಡಿದ್ದೀಯ. ಎದೆನೋವಿನ ಮಾತ್ರೆ ನಾಲಿಗೆ ಕೆಳಗಿಡೋದು ಯಾಕೆ ಅಂತಲೂ ಇದೆ, ಲಿವರ್‌ಗೆ ಹೋಗೋಕೆ ಮುಂಚೆ ನೇರವಾಗಿ ರಕ್ತಕ್ಕೆ ಸೇರಲಿ ಅಂತ. ಎಷ್ಟು ಸಲೀಸಾಗಿ ಬರೆದಿದ್ದೀಯ! ಹಾಲಿನ ಡೇರಿ ಹತ್ತಿರ ಇಬ್ಬರಿಗೆ ತೋರಿಸಿದೆ. ಬೈಬೇಡ.

ಉಪದೇಶ ಮಾಡಬಾರದು ಅಂತಲೇ ಕೂತೆ, ಆದರೂ ಕೇಳು. ನಾಳೆ ನೀನು ಕೌಂಟರ್ ಹಿಂದೆ ನಿಲ್ಲುತ್ತೀಯ. ವಯಸ್ಸಾದವರು ಬಂದರೆ ಮೊದಲು ‘ನುಂಗೋಕಾಗುತ್ತಾ’ ಅಂತ ಕೇಳು. ಆಗಲ್ಲ ಅಂದರೆ ಸಿರಪ್ ಇದೆಯಾ, ಬೇರೆ ಮಾತ್ರೆ ಬರೀತಾರಾ, ಡಾಕ್ಟರನ್ನು ಕೇಳೋಕೆ ಹೇಳು. ಸಸ್ಪೆನ್ಷನ್, ಅಂದರೆ ಪುಡಿ ಕರಗದೆ ತೇಲೋ ನೀರುಮದ್ದು, ಕೊಟ್ಟರೆ ಬಾಟಲಿ ಅಲ್ಲಾಡಿಸಿ ಅಂತ ಬಾಯಲ್ಲಿ ಹೇಳು. ಇಲ್ಲದಿದ್ದರೆ ಮದ್ದೆಲ್ಲ ತಳದಲ್ಲಿ, ಮಗುವಿನ ಬಾಯಿಗೆ ಬರೀ ಸಿಹಿನೀರು. ಒಂದು ಚಮಚ ಅಂದರೆ 5 ಮಿ.ಲೀ., ಅಡುಗೆಮನೆ ಚಮಚ ಅಲ್ಲ, ಅಳತೆ ಮುಚ್ಚಳ ತೋರಿಸು. ಮಕ್ಕಳ ಡ್ರೈ ಸಿರಪ್ ಪುಡಿಗೆ ಕಾಯಿಸಿ ಆರಿಸಿದ ನೀರು, ಗೆರೆ ತನಕ. ಸ್ಟ್ರಿಪ್ ಕತ್ತರಿಸಿ ಕೊಡುವಾಗ ಹೆಸರು, ತಾರೀಖು ಇರೋ ಕಡೆ ಕತ್ತರಿ ಹಾಕಬೇಡ. ಹಿಂದೆ ಎಷ್ಟು ಜನ ಕಾಯುತ್ತಿರಲಿ, ಹೇಳಿಯೇ ಕೊಡು. ನನಗೆ ಯಾರೂ ಹೇಳಲಿಲ್ಲ. ನಾನು ಕೇಳಬೇಕಿತ್ತು, ಅದೂ ನಿಜ. ಇದೆಲ್ಲ ನಿನಗೇ ಹೇಳಿಕೊಡೋಕೆ ಹೊರಟಿದ್ದೀನಿ ನೋಡು.

ಕುಟ್ಟಿದ್ದು ನೀನು, ಕುಟ್ಟು ಅಂದಿದ್ದು ನಾನು. ನಿನ್ನೆ ನೀನು ‘ನನ್ನ ಕೈಯಿಂದ’ ಅಂದು ನಿಲ್ಲಿಸಿದೆಯಲ್ಲ, ಅಲ್ಲೇ ನಾನು ಬಾಯಿ ಬಿಡಬೇಕಿತ್ತು. 10 ವರ್ಷದ ಮಗು ಅಪ್ಪ ಹೇಳಿದ್ದು ಮಾಡಿತು, ಅಷ್ಟೇ. ಹಾಸ್ಟೆಲ್‌ನಲ್ಲಿ ಒಬ್ಬಳೇ ಕೂತು ಅದನ್ನೇ ನೆನೀಬೇಡ. ಊಟ ಬಿಟ್ಟಿದ್ದೀಯಂತೆ, ನಿನ್ನ ರೂಮಿನ ಹುಡುಗಿ ಅಮ್ಮನಿಗೆ ಹೇಳಿದಳು. ನನ್ನ ಮೇಲೆ ಕೋಪ ಬಂದರೆ ಬರಲಿ, ಫೋನ್ ಮಾಡಿ ಬೈ. ಈ ಸಲ ಸಿಗ್ನಲ್ ಹೋಗಲ್ಲ.

ಸ್ಟ್ರಿಪ್ ಇದರ ಜೊತೆ ಇಟ್ಟಿದ್ದೀನಿ. ಇನ್ನೂ ನಾಲ್ಕು ಮಾತ್ರೆ ಇವೆ, ತಾರೀಖು ಯಾವತ್ತೋ ಮುಗಿದಿದೆ. ಹೇಗೆ ಎಸೀಬೇಕು ಅಂತ ನಿಮ್ಮ ಮೇಷ್ಟ್ರನ್ನ ಕೇಳು. ಅಮ್ಮನಿಗೆ ನೀನು ಏನೂ ಹೇಳಬೇಡ. ಇವತ್ತು ಅವಳು ಹಾಲು ಹಾಕಿ ಬರಲಿ, ನಾನೇ ಹೇಳುತ್ತೇನೆ.

ನಿನ್ನ ಅಪ್ಪ