ಗೇಟಿನ ಹೊಸ ನಿಯಮದ ಬಗ್ಗೆ ಪೋಷಕರಿಗೆ ಪತ್ರ

ಪ್ರೀತಿಯ ಪೋಷಕರೇ,

ನಮಸ್ಕಾರ. ರಾಂಗ್ ಸೈಡಿನಲ್ಲಿ ಬರುವ ಗಾಡಿಗಳನ್ನು ಗೇಟಿನಿಂದ ವಾಪಸ್ ಕಳಿಸುವ ಹೊಸ ನಿಯಮದ ಮೇಲೆ ಕಳೆದ ಮಂಗಳವಾರ ಬೆಳಿಗ್ಗೆ ನಮ್ಮ ಗೇಟಿನಲ್ಲಿ ಆದ ಗಲಾಟೆಯ ವಿಷಯ ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಾಗಿದೆ. ವಾಟ್ಸಾಪ್ ಗ್ರೂಪಿನಲ್ಲಿ ಓಡಾಡಿದ ವಾಯ್ಸ್ ಮೆಸೇಜು ನನ್ನ ಫೋನಿಗೂ ನಾಲ್ಕೈದು ಕಡೆಯಿಂದ ಬಂತು. ಅದಕ್ಕೆ ಗ್ರೂಪಿನಲ್ಲಿ ಉತ್ತರ ಕೊಡುವುದು ಬೇಡ ಅನಿಸಿ ಈ ಪತ್ರ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು, ದಯವಿಟ್ಟು ಪೂರ್ತಿ ಓದಿ.

ಅವತ್ತು ಜೋರು ಮಳೆ. ಒಬ್ಬರು ತಂದೆ ಇಬ್ಬರು ಮಕ್ಕಳನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಕಟ್ಟೆ ಜಂಕ್ಷನ್‌ನಿಂದ ರಾಂಗ್ ಸೈಡಿನಲ್ಲೇ ಗೇಟಿನ ತನಕ ಬಂದರು. ವಾಚ್‌ಮ್ಯಾನ್ ಅವರನ್ನು ತಡೆದು, "ಸರ್, ಹೊಸ ರೂಲ್ಸ್ ಉಂಟಲ್ಲ, ಸುತ್ತಿ ಬನ್ನಿ" ಅಂದರು. ಮಾತಿಗೆ ಮಾತು ಬೆಳೆಯಿತು. ತಂದೆ ಸಿಟ್ಟಿನಲ್ಲೇ ತಿರುಗಿಸಿಕೊಂಡು ಹೋಗಿ ಸುತ್ತಿ ಬಂದರು. ಅಷ್ಟರಲ್ಲಿ ಪ್ರಾರ್ಥನೆ ಮುಗಿದಿತ್ತು, ಮಕ್ಕಳ ಡೈರಿಯಲ್ಲಿ ಲೇಟ್ ಅಂತ ಬಿತ್ತು. ಒಂದು ಸ್ಕೂಟರಿನಲ್ಲಿ ಮೂವರು ಎನ್ನುವುದು ಬೇರೆ ವಿಷಯ. ಇವತ್ತು ಅದನ್ನು ಎತ್ತುವುದಿಲ್ಲ.

"ಮಕ್ಕಳನ್ನು ಮಳೆಯಲ್ಲಿ ನಿಲ್ಲಿಸಿದರು" ಎಂಬ ಮಾತು ಬಂದಿದೆ. ಗೇಟಿನ ಕ್ಯಾಮೆರಾ ನೋಡಿದೆ. ನಿಂತದ್ದು ಒಂದು ನಿಮಿಷವೂ ಇಲ್ಲ, ಅದೂ ಗೇಟಿನ ಶೀಟಿನ ಅಡಿಯಲ್ಲಿ. ಆದರೂ ಮಕ್ಕಳು ಒದ್ದೆಯಾದದ್ದು ನಿಜ, ಲೇಟ್ ಬಿದ್ದದ್ದು ನಿಜ. ಹೆತ್ತವರಿಗೆ ಬೇಜಾರಾಗದೆ ಇರುತ್ತದಾ? ಆ ಇಬ್ಬರ ಲೇಟ್ ಮಾರ್ಕ್ ಅದೇ ದಿನ ತೆಗೆಸಿದ್ದೇನೆ.

ವಾಚ್‌ಮ್ಯಾನ್ ಮೇಲೆ ಮಾತ್ರ ಯಾರೂ ಸಿಟ್ಟು ಮಾಡಬೇಡಿ. ಅವರು ಮಾಡಿದ್ದು ನಾನು ಹೇಳಿದ ಕೆಲಸ. ಹೇಳುವುದು ಏನಿದ್ದರೂ ಆಫೀಸಿಗೆ ಬಂದು ನನ್ನ ಹತ್ತಿರ ಹೇಳಿ, ಕೂತು ಮಾತಾಡುವ. ಗೇಟಿನಲ್ಲಿ ಅವರ ಹತ್ತಿರ ಜೋರು ಮಾಡುವುದು ಬೇಡ. ಮಕ್ಕಳು ಅವರನ್ನು ಮಾಮ ಅಂತ ಕರೆಯುತ್ತಾರೆ, ಪಕ್ಕದಲ್ಲೇ ನಿಂತು ಎಲ್ಲ ಕೇಳುತ್ತಾರೆ.

ಈ ವರ್ಷ ಹೊಸದಾಗಿ ಸೇರಿದವರಿಗೆ ರಸ್ತೆಯ ವಿಷಯ ಹೇಳಬೇಕು. ನಮ್ಮ ಶಾಲೆ ಇರುವುದು ರಾಷ್ಟ್ರೀಯ ಹೆದ್ದಾರಿ 66ರ ಪೂರ್ವ ಬದಿಯಲ್ಲಿ. ನಮ್ಮ ಎದುರಿನ ರಸ್ತೆಯಲ್ಲಿ ಗಾಡಿಗಳು ಕುಂದಾಪುರ ಕಡೆಯಿಂದ ಉಡುಪಿ ಕಡೆಗೆ ಹೋಗುತ್ತವೆ. ಒಳಗಿನ ಊರುಗಳಿಂದ ಬರುವವರು ಕಟ್ಟೆ ಜಂಕ್ಷನ್‌ನಲ್ಲಿ ಹೆದ್ದಾರಿಗೆ ಬಂದು ಸೇರುತ್ತಾರೆ. ಅಲ್ಲಿಂದ ಗೇಟು ಕಣ್ಣಿಗೆ ಕಾಣುತ್ತದೆ, ಸುಮಾರು 300 ಮೀಟರ್. ಸರಿಯಾದ ದಾರಿಯಲ್ಲಿ ಬರಬೇಕೆಂದರೆ ಜಂಕ್ಷನ್‌ನಲ್ಲಿ ಆಚೆ ದಾಟಿ, ಶಾಲೆಯ ಎದುರಿನಿಂದಲೇ ಉತ್ತರಕ್ಕೆ ಹೋಗಿ, ಮುಂದಿನ ಡಿವೈಡರ್ ಓಪನಿಂಗಿನಲ್ಲಿ ಯು ಟರ್ನ್ ಮಾಡಿ ವಾಪಸ್ ಬರಬೇಕು. ಒಟ್ಟು 2 ಕಿಲೋಮೀಟರ್ ಹತ್ತಿರ. ಸರ್ವಿಸ್ ರಸ್ತೆ ನಮ್ಮ ಗೇಟಿನ ತನಕ ಬಂದಿಲ್ಲ. ಮನವಿ ಕೊಟ್ಟಿದ್ದೇವೆ, ಮತ್ತೊಮ್ಮೆ ಕೊಡುತ್ತೇವೆ. ಬರುವಾಗ ಬರಲಿ, ಶಾಲೆ ನಾಳೆಯೂ ಉಂಟಲ್ಲ.

"300 ಮೀಟರಿಗೆ 2 ಕಿಲೋಮೀಟರ್ ಸುತ್ತಬೇಕಾ ಮೇಡಂ?" ಅಂತ ತುಂಬಾ ಜನ ಕೇಳಿದ್ದೀರಿ. ಕೇಳುವುದರಲ್ಲಿ ತಪ್ಪಿಲ್ಲ. ಬೆಳಿಗ್ಗೆ ಟಿಫಿನ್ ಕಟ್ಟಿ, ಶೂ ಹುಡುಕಿ, ಡಿಸಿಯವರು ರಜೆ ಕೊಟ್ಟರಾ ಇಲ್ಲವಾ ಅಂತ ಮೊಬೈಲ್ ನೋಡಿ ಹೊರಡುವಾಗಲೇ ತಡವಾಗಿರುತ್ತದೆ. ನಿಧಾನಕ್ಕೆ, ಬದಿಯಲ್ಲೇ ಹೋಗುತ್ತೇವೆ, ಏನಾಗುತ್ತದೆ ಅಂತ ಅನಿಸುತ್ತದೆ.

ಆ ಬದಿಯ ವಿಷಯವನ್ನೇ ನೋಡಿ. ಜಂಕ್ಷನ್‌ಗೂ ಗೇಟಿಗೂ ನಡುವೆ ಬಸ್ ತಂಗುದಾಣ ಉಂಟು. ಅದರ ಪಕ್ಕ ಗ್ಯಾರೇಜಿನ ಒಳರಸ್ತೆ ಬಂದು ಹೆದ್ದಾರಿಗೆ ಸೇರುತ್ತದೆ. ಆ ರಸ್ತೆಯಿಂದ ಹೊರಗೆ ಬರುವ ಡ್ರೈವರ್ ಯಾವ ಕಡೆ ನೋಡುತ್ತಾನೆ? ಬಲಗಡೆ ಮಾತ್ರ. ಗಾಡಿ ಬರುವುದೇ ಅಲ್ಲಿಂದ. ಎಡಗಡೆಯಿಂದ ಸ್ಕೂಟರ್ ಬರುತ್ತದೆ ಅಂತ ಅವನು ಯಾಕೆ ಯೋಚಿಸಬೇಕು? ನೀವು ಎಷ್ಟು ನಿಧಾನಕ್ಕೆ ಹೋದರೂ ಅವನು ನಿಮ್ಮನ್ನು ನೋಡಿಯೇ ಇರುವುದಿಲ್ಲ.

ಬಸ್ಸಿನದ್ದು ಇನ್ನೊಂದು ಕಥೆ. ನಮ್ಮ ಎಕ್ಸ್‌ಪ್ರೆಸ್ ಬಸ್ಸುಗಳ ಟೈಮಿಂಗಿನ ಗಡಿಬಿಡಿ ನಿಮಗೆ ಗೊತ್ತೇ ಉಂಟು. ಬಂದ ಹಾಗೆಯೇ ಎಡಕ್ಕೆ ಎಳೆದು ತಂಗುದಾಣದ ಎದುರು ನಿಲ್ಲಿಸುತ್ತಾರೆ. ಜುಲೈಯ ಒಂದು ದಿನದ ಕ್ಯಾಮೆರಾ ದೃಶ್ಯ ನೋಡಿದ ಮೇಲೆಯೇ ನಾನು ಮತ್ತು ಡ್ರಿಲ್ ಮಾಸ್ಟರು ಈ ನಿಯಮ ಮಾಡಿದ್ದು. ಬಸ್ಸು ಬದಿಗೆ ಬರುತ್ತಿದೆ. ಎದುರಿನಿಂದ ರಾಂಗ್ ಸೈಡಿನಲ್ಲಿ ಒಂದು ಸ್ಕೂಟರ್. ಮುಂದೆ ನಿಂತ ಮಗುವಿನ ಕೈಯಲ್ಲಿ ಸುತ್ತಿದ ಚಾರ್ಟ್ ಪೇಪರ್, ಮಳೆಗೆ ನೆನೆಯಬಾರದು ಅಂತ ಪ್ಲಾಸ್ಟಿಕ್ ಬೇರೆ ಹಾಕಿದ್ದಾರೆ. ಬಸ್ಸಿಗೂ ತಂಗುದಾಣಕ್ಕೂ ನಡುವೆ ಜಾಗ ಇಲ್ಲ, ಜನ ಇಳಿಯುತ್ತಿದ್ದಾರೆ. ಸ್ಕೂಟರ್ ಬಸ್ಸಿನ ಆಚೆ ಬದಿಗೆ, ಅಂದರೆ ರಸ್ತೆಯ ಮಧ್ಯಕ್ಕೆ ಹೋಯಿತು. ಬಸ್ಸಿನ ಹಿಂದಿನಿಂದ ಒಂದು ಟ್ಯಾಂಕರ್ ಹೊರಗೆ ಎಳೆಯಿತು. ಟ್ಯಾಂಕರಿನವರು ಬ್ರೇಕ್ ಹಾಕಿದರು, ಸ್ಕೂಟರ್ ನುಸುಳಿಕೊಂಡು ಬಂತು, ಮಗು ಗೇಟಿನಲ್ಲಿ ಇಳಿದು ಟಾಟಾ ಮಾಡಿ ಒಳಗೆ ಓಡಿತು. ಏನೂ ಆಗಲಿಲ್ಲ. ಆ ವೀಡಿಯೊ ಯಾರಿಗೂ ಕಳಿಸುವುದಿಲ್ಲ, ದಯವಿಟ್ಟು ಕೇಳಬೇಡಿ. ಆ ಪೋಷಕರ ಹತ್ತಿರ ಮಾತಾಡಿ ಆಗಿದೆ.

ನಾನು ಗಣಿತ ಕಲಿಸುವವಳು, ಆದ್ದರಿಂದ ಒಂದು ಲೆಕ್ಕ. ಬಸ್ಸು ಗಂಟೆಗೆ 60 ಕಿಲೋಮೀಟರ್, ಸ್ಕೂಟರ್ 30. ಇಬ್ಬರೂ ಒಂದೇ ದಿಕ್ಕಿಗೆ ಹೋಗುತ್ತಿದ್ದರೆ, 100 ಮೀಟರ್ ಹಿಂದಿರುವ ಬಸ್ಸಿಗೆ ಸ್ಕೂಟರಿನ ಹತ್ತಿರ ಬರಲು 12 ಸೆಕೆಂಡ್ ಬೇಕು. ಅದೇ ಎದುರುಬದುರು ಬಂದರೆ 4 ಸೆಕೆಂಡ್. ಏಳನೇ ಕ್ಲಾಸಿನವರು ಈ ಲೆಕ್ಕ ಬೋರ್ಡಿನಲ್ಲಿ ಮಾಡಿ ತೋರಿಸಿದ್ದಾರೆ. 4 ಸೆಕೆಂಡಿನಲ್ಲಿ ಡ್ರೈವರ್ ನಿಮ್ಮನ್ನು ನೋಡಬೇಕು, ನಂಬಬೇಕು, ಬ್ರೇಕ್ ಹಾಕಬೇಕು, ಬಸ್ಸು ನಿಲ್ಲಬೇಕು. ಒದ್ದೆ ರಸ್ತೆಯಲ್ಲಿ. ಈಗ ಮೀನುಗಾರಿಕೆಯ ರಜೆಯೂ ಮುಗಿದಿದೆ. ಗಂಗೊಳ್ಳಿ ಕಡೆಯಿಂದ ಬರುವ ಮೀನಿನ ಗಾಡಿಗಳ ನೀರು ಸೋರಿ ರಸ್ತೆ ಎಷ್ಟು ಜಾರುತ್ತದೆ ಅಂತ ದ್ವಿಚಕ್ರದವರಿಗೆ ಬೇರೆ ಹೇಳಬೇಕಾ?

2016ರ ಜೂನ್‌ನಲ್ಲಿ ತ್ರಾಸಿ ಹತ್ತಿರ ಶಾಲಾ ಮಕ್ಕಳ ವ್ಯಾನಿಗೂ ಬಸ್ಸಿಗೂ ಡಿಕ್ಕಿಯಾಗಿ 8 ಮಕ್ಕಳು ತೀರಿಕೊಂಡರು. ನಮ್ಮ ಜಿಲ್ಲೆಯ ಶಾಲೆಗಳಲ್ಲಿ ಕೆಲಸ ಮಾಡುವ ಯಾರೂ ಅದನ್ನು ಮರೆತಿಲ್ಲ. ಅದನ್ನು ನಮ್ಮ ಗೇಟಿನ ವಿಷಯಕ್ಕೆ ಹೋಲಿಸುತ್ತಿಲ್ಲ, ನಿಮ್ಮನ್ನು ಹೆದರಿಸಲು ಹೇಳುತ್ತಲೂ ಇಲ್ಲ. ಆದರೆ ಬೆಳಿಗ್ಗೆ ಹೊತ್ತು ಹೆದ್ದಾರಿಯಲ್ಲಿ ಜೋರಾಗಿ ಬ್ರೇಕ್ ಹಾಕಿದ ಸದ್ದು ಕೇಳಿದರೆ ಸ್ಟಾಫ್ ರೂಮಿನಲ್ಲಿ ಎಲ್ಲರೂ ಒಮ್ಮೆ ಎದ್ದು ನಿಲ್ಲುತ್ತೇವೆ.

ನಿಮ್ಮ ಆಕ್ಷೇಪಗಳಲ್ಲಿ ಒಂದಕ್ಕೆ ನಿಜವಾಗಿ ತೂಕ ಉಂಟು. "ಹೆದ್ದಾರಿಯನ್ನು ಎರಡು ಸಲ ದಾಟುವುದು ಅದಕ್ಕಿಂತ ಅಪಾಯ ಅಲ್ವಾ? ಬದಿಯಲ್ಲಿ ಬರುವುದೇ ವಾಸಿ" ಅಂತ ಒಬ್ಬರು ತಾಯಿ ಶಾಂತವಾಗಿಯೇ ಕೇಳಿದರು. ದಾಟುವುದು ಸುಲಭ ಅಂತ ನಾನೂ ಹೇಳುವುದಿಲ್ಲ. ಆದರೆ ಓಪನಿಂಗಿನಲ್ಲಿ ಗಾಡಿ ತಿರುಗುತ್ತದೆ ಅಂತ ಹೆದ್ದಾರಿಯ ಡ್ರೈವರಿಗೆ ಗೊತ್ತಿರುತ್ತದೆ. ಬೋರ್ಡ್ ಉಂಟು, ಬ್ಯಾರಿಕೇಡ್ ಉಂಟು. ನೀವು ಡಿವೈಡರ್ ನಡುವೆ ನಿಂತು ಕಾಯಬಹುದು, ಒಂದು ಸಲಕ್ಕೆ ಒಂದೇ ಕಡೆ ನೋಡಿದರೆ ಸಾಕು, ಗಾಡಿ ಇಲ್ಲದಾಗ ಹೊರಡಬಹುದು. ರಾಂಗ್ ಸೈಡಿನಲ್ಲಿ ಕಾಯುವ ಜಾಗವೇ ಇಲ್ಲ. ಹೊರಟ ಮೇಲೆ 300 ಮೀಟರ್ ಪೂರ್ತಿ ಎದುರಿನವರ ಬ್ರೇಕಿನ ಮೇಲೆ ನಂಬಿಕೆ ಇಟ್ಟು ಹೋಗಬೇಕು.

ಇಷ್ಟಾದರೂ ದಾಟಲು ಹೆದರಿಕೆ ಆಗುವವರು ಇದ್ದಾರೆ. ಮುಖ್ಯವಾಗಿ ಹೊಸದಾಗಿ ಸ್ಕೂಟರ್ ಕಲಿತ ತಾಯಂದಿರು, ಮೊಮ್ಮಕ್ಕಳನ್ನು ಬಿಡಲು ಬರುವ ಅಜ್ಜಂದಿರು. ನೀವು ದಾಟಲೇ ಬೇಡಿ. ಸೋಮವಾರದಿಂದ ಕಟ್ಟೆಯ ಹತ್ತಿರ ನಮ್ಮ ಇಬ್ಬರು ಟೀಚರ್ ಮತ್ತು ಒಬ್ಬರು ಆಯಾ ನಿಲ್ಲುತ್ತಾರೆ. ಮಕ್ಕಳನ್ನು ಅಲ್ಲೇ ಇಳಿಸಿ ಹೋಗಿ. 8.30, 8.40, 8.50ಕ್ಕೆ ಮಕ್ಕಳನ್ನು ಸಾಲಾಗಿ ಚರಂಡಿಯ ಸ್ಲ್ಯಾಬಿನ ಮೇಲೆ ನಡೆಸಿಕೊಂಡು ಬರುತ್ತೇವೆ. ನಡೆದು ಹೋಗುವವರು ಎದುರಿನಿಂದ ಬರುವ ಗಾಡಿ ಕಾಣುವ ಹಾಗೆ ನಡೆಯಬೇಕು, ಆದ್ದರಿಂದ ಅದೇ ಬದಿ ಸರಿ. ಒಡೆದಿದ್ದ ಸ್ಲ್ಯಾಬನ್ನು ಇಬ್ಬರು ಪೋಷಕರು ಸೇರಿ ಭಾನುವಾರ ಬದಲಾಯಿಸಿ ಕೊಟ್ಟಿದ್ದಾರೆ, ಅವರಿಗೆ ತುಂಬಾ ಥ್ಯಾಂಕ್ಸ್. ಸಂಜೆ 3.45ಕ್ಕೆ ಅದೇ ಕ್ರಮದಲ್ಲಿ ಕಟ್ಟೆಯ ತನಕ ತಂದು ಬಿಡುತ್ತೇವೆ. ಮಳೆ ಜೋರಾಗಿದ್ದರೆ ಕಟ್ಟೆಯ ಪಕ್ಕದ ಅಂಗಡಿಯವರು ಜಗುಲಿಯಲ್ಲಿ ನಿಲ್ಲಲು ಒಪ್ಪಿದ್ದಾರೆ. ಸಾಲಿನಲ್ಲಿ ಬಂದ ಮಕ್ಕಳಿಗೆ ಎಷ್ಟು ಹೊತ್ತಾದರೂ ಲೇಟ್ ಇಲ್ಲ. ಸುತ್ತಿ ಬರುವವರ ಮಕ್ಕಳಿಗೂ ಈ ತಿಂಗಳು ಪೂರ್ತಿ 9.15ರ ತನಕ ಲೇಟ್ ಹಾಕುವುದಿಲ್ಲ.

ಗೇಟಿನ ನಿಯಮದಲ್ಲೂ ಒಂದು ಬದಲಾವಣೆ ಮಾಡಿದ್ದೇವೆ. ಇನ್ನು ಮುಂದೆ ರಾಂಗ್ ಸೈಡಿನಲ್ಲಿ ಬಂದವರನ್ನು ವಾಪಸ್ ಕಳಿಸುವುದಿಲ್ಲ. ಮಗುವನ್ನು ಕೂಡಲೇ ಒಳಗೆ ಕರೆದುಕೊಳ್ಳುತ್ತೇವೆ. ದೊಡ್ಡವರ ವಿಷಯಕ್ಕೆ ಮಗುವಿಗೆ ಶಿಕ್ಷೆ ಆಗಬಾರದು ಅಂತ ನೀವು ಹೇಳಿದ್ದನ್ನು ಒಪ್ಪಿದ್ದೇವೆ. ಆದರೆ ಗಾಡಿಯ ನಂಬರ್ ಪುಸ್ತಕದಲ್ಲಿ ಬರೆದಿಡುತ್ತೇವೆ. ಮೂರನೇ ಸಲ ಅದೇ ನಂಬರ್ ಬಂದರೆ ನಾನೇ ಫೋನ್ ಮಾಡಿ ಕರೆಯುತ್ತೇನೆ. ಆಫೀಸಿನಲ್ಲಿ ಕೂತು ಚಹಾ ಕುಡಿದೇ ಮಾತಾಡುವ, ಆದರೆ ಮಾತಾಡಲೇಬೇಕು.

"ಕಂಪೌಂಡಿನ ಹೊರಗೆ ಶಾಲೆಗೆ ಏನು ಅಧಿಕಾರ?" ಅಂತಲೂ ಒಬ್ಬರು ಬರೆದಿದ್ದರು. ಅಧಿಕಾರ ಏನೂ ಇಲ್ಲ. ನಾವು ದಂಡ ಹಾಕುವುದಿಲ್ಲ, ಪೊಲೀಸರಿಗೆ ನಂಬರ್ ಕೊಡುವುದೂ ಇಲ್ಲ. ಅಧಿಕಾರ ಇರುವುದು ಕಾನೂನಿಗೆ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯ ನಂತರ 184ನೇ ಸೆಕ್ಷನ್‌ನ ಅಪಾಯಕಾರಿ ಚಾಲನೆಯ ಪಟ್ಟಿಯಲ್ಲಿ ರಾಂಗ್ ಸೈಡೂ ಸೇರಿದೆ. ಮೊದಲ ಸಲ ಸಿಕ್ಕಿಬಿದ್ದರೆ 1,000ದಿಂದ 5,000 ರೂಪಾಯಿ ತನಕ ದಂಡ, ಅಥವಾ 6 ತಿಂಗಳಿಂದ 1 ವರ್ಷದ ತನಕ ಜೈಲು, ಅಥವಾ ಎರಡೂ. "ಯಾರು ಹಿಡಿಯುತ್ತಾರೆ ಮಾರಾಯ್ರೆ, ಎಲ್ಲರೂ ಹೋಗುತ್ತಾರೆ" ಎಂಬ ಮಾತೂ ಕೇಳಿದ್ದೇನೆ. ಇರಬಹುದು. ನನ್ನ ತಲೆಬಿಸಿ ದಂಡದ್ದಲ್ಲ, ಆ ತಂಗುದಾಣದ್ದು.

ನಿಯಮ ಹಿಂದೆ ತೆಗೆದುಕೊಳ್ಳಿ ಅಂತ ಕೇಳಿದವರಿಗೆ ಹೇಳುವುದು ಇಷ್ಟೇ: ಸಮಯದಲ್ಲಿ, ಲೇಟ್ ಮಾರ್ಕಿನಲ್ಲಿ, ನಡೆಸಿಕೊಂಡು ಬರುವ ವ್ಯವಸ್ಥೆಯಲ್ಲಿ ನಾವು ಎಷ್ಟು ಬೇಕಾದರೂ ಬಗ್ಗುತ್ತೇವೆ. ರಾಂಗ್ ಸೈಡಿಗೆ ಮಾತ್ರ ಸರಿ ಅನ್ನುವುದಿಲ್ಲ. ಮಳೆ ಇದ್ದರೂ ಇಲ್ಲ, ಪರೀಕ್ಷೆ ಇದ್ದರೂ ಇಲ್ಲ, ಒಂದೇ ದಿನ ಅಂದರೂ ಇಲ್ಲ. ಸ್ವಲ್ಪ ಖಾರ ಅನಿಸಿದರೆ ಬೇಜಾರು ಮಾಡಬೇಡಿ. ಶಾಲೆಯ ಟೀಚರುಗಳಿಗೂ ಇದೇ ನಿಯಮ. ಇಬ್ಬರು ಟೀಚರ್ ಈಗ ಹತ್ತು ನಿಮಿಷ ಬೇಗ ಹೊರಡುತ್ತಿದ್ದಾರೆ, ನನ್ನ ಮೇಲೆ ಅವರಿಗೂ ಸಣ್ಣ ಸಿಟ್ಟು ಉಂಟು.

ಹೆಲ್ಮೆಟಿನ ವಿಷಯ ಮತ್ತೆ ಬರೆಯುವುದಿಲ್ಲ. 4 ವರ್ಷ ದಾಟಿದ ಎಲ್ಲರಿಗೂ ಅದು ಕಡ್ಡಾಯ, ಮಕ್ಕಳ ಅಳತೆಯದ್ದು ಉಡುಪಿಯಲ್ಲೇ ಸಿಗುತ್ತದೆ. ಹೈಸ್ಕೂಲ್ ಮಕ್ಕಳಿಗೆ ಸ್ಕೂಟರ್ ಕೊಡಬೇಡಿ ಅಂತ ಜೂನ್‌ನಲ್ಲೇ ತಿಳಿಸಿದ್ದೇವೆ. ಸಿಕ್ಕಿಬಿದ್ದರೆ 25,000 ರೂಪಾಯಿ ದಂಡ ಮತ್ತು ಜೈಲಿನ ಶಿಕ್ಷೆ ಪೋಷಕರಿಗೆ, ಮಗನಿಗೆ 25 ವರ್ಷ ಆಗುವ ತನಕ ಲೈಸೆನ್ಸ್ ಇಲ್ಲ.

ದಯವಿಟ್ಟು ಮನೆಯಿಂದ ಹತ್ತು ನಿಮಿಷ ಬೇಗ ಹೊರಡಿ.

ಮಕ್ಕಳನ್ನು ಕಟ್ಟೆಯ ಹತ್ತಿರ ಇಳಿಸುವವರು ಕೆಳಗಿನ ಚೀಟಿಯಲ್ಲಿ ಮಗುವಿನ ಹೆಸರು, ಕ್ಲಾಸ್ ಮತ್ತು ಯಾವ ಸಮಯದ ಸಾಲು ಎಂಬುದನ್ನು ಬರೆದು ಶುಕ್ರವಾರದೊಳಗೆ ಕ್ಲಾಸ್ ಟೀಚರಿಗೆ ಕೊಡಿ. ಸಂಜೆ ಬೇರೆ ಯಾರಾದರೂ ಕರೆದುಕೊಂಡು ಹೋಗುವುದಿದ್ದರೆ ಅವರ ಹೆಸರೂ ಇರಲಿ.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ

ವಿ.ಸೂ.: ಆಫೀಸಿನಲ್ಲಿ ಮಕ್ಕಳ ಅಳತೆಯ, ವಾರಸುದಾರರಿಲ್ಲದ ಎರಡು ಹೆಲ್ಮೆಟ್ ಮತ್ತು ಒಂದು ಹಳದಿ ರೈನ್‌ಕೋಟ್ ಉಂಟು. ನೀಲಿ ಹೆಲ್ಮೆಟಿನ ಒಳಗೆ ಅರ್ಧ ತಿಂದ ಚಕ್ಕುಲಿಯ ಪೊಟ್ಟಣವೂ ಇತ್ತು, ಅದನ್ನು ಬಿಸಾಡಿದ್ದೇವೆ. ಹೆಲ್ಮೆಟ್ ಬಂದು ತೆಗೆದುಕೊಂಡು ಹೋಗಿ.