ಕಾರವಾರ ಬಸ್ ನಿಲ್ದಾಣದ ಆ ಅಕ್ಕನಿಗೆ

ಕಳೆದ ಮಳೆಗಾಲದಲ್ಲಿ ಕಾರವಾರ ಬಸ್ ನಿಲ್ದಾಣದಲ್ಲಿ ತಲೆಸುತ್ತಿ ಕುಸಿದ ಮುದುಕಿಯನ್ನು ಮಡಿಲಲ್ಲಿ ಮಲಗಿಸಿಕೊಂಡು, ಅವಳ ಮೊಬೈಲಿನಿಂದಲೇ ನಮಗೆ ಫೋನ್ ಮಾಡಿ, ಆಟೋ ಹಿಡಿದು ಆಸ್ಪತ್ರೆವರೆಗೂ ಬಂದ ಅಕ್ಕ, ಇದು ನಿಮಗೆ. ನಾವು ಅಂಕೋಲಾದಿಂದ ಬಂದು ಮುಟ್ಟುವಷ್ಟರಲ್ಲಿ ಹೆಸರೂ ಹೇಳದೆ ಹೊರಟುಹೋಗಿದ್ದಿರಿ.

ಅವಳು ನಮ್ಮಮ್ಮ. ಅಪ್ಪ ದೋಣಿಗೆ ಹೋಗುವುದು ನಿಂತ ಮೇಲೆ ಹೊಲಿಗೆ ಮೆಷಿನ್ನಿನಿಂದಲೇ ನಮ್ಮನ್ನೆಲ್ಲ ಓದಿಸಿದವಳು. ಜೂನ್ ಬಂತೆಂದರೆ ಶಾಲೆ ಯೂನಿಫಾರ್ಮುಗಳ ರಾಶಿ, ರಾತ್ರಿಯೆಲ್ಲ ಟಕಟಕ. ಚರ್ಚಿನ ಬಲಿಪೀಠದ ಬಟ್ಟೆ ಹೊಲಿದರೆ ಮಾತ್ರ ಕಾಸು ಮುಟ್ಟುತ್ತಿರಲಿಲ್ಲ. ಸೆಪ್ಟೆಂಬರ್ 8ರ ಯೇಸುವಿನ ತಾಯಿ ಮರಿಯಮ್ಮನ ಹುಟ್ಟುಹಬ್ಬಕ್ಕೆ ಮೊದಲಿನ ಒಂಬತ್ತು ದಿನವೂ ಮಕ್ಕಳು ಅವಳಿಗೆ ಅರ್ಪಿಸುವ ಬುಟ್ಟಿಗೆ ಹೂ ಹೊಂದಿಸುವವಳು ಅಮ್ಮನೇ. ಕಡಿಮೆ ಬಿದ್ದರೆ ಪಕ್ಕದ ಮನೆಯ ಬೇಲಿಯ ದಾಸವಾಳಕ್ಕೆ ಕೈ! ಅವರಿಗೂ ಗೊತ್ತಿತ್ತು, ಬಿಡಿ.

ಆ ದಿನವೂ ಚೀಲದಲ್ಲಿ ಇಸ್ತ್ರಿ ಮಾಡಿದ ಬಲಿಪೀಠದ ಬಟ್ಟೆಯಿತ್ತು. ಅದು ನೆನೆಯಬಾರದೆಂದು ನೀವು ನಿಮ್ಮ ಮೀನಿನ ಪ್ಲಾಸ್ಟಿಕ್ ಚೀಲ ಒಳಹೊರಗೆ ಮಾಡಿ ಸುತ್ತಿ, ನರ್ಸ್ ಕೈಗೆ ಕೊಟ್ಟಿದ್ದಿರಿ. ಸ್ವಲ್ಪ ಬಂಗಡೆ ವಾಸನೆ ಹತ್ತಿತ್ತು. ಅಮ್ಮನಿಗೆ ಅದರಿಂದ ಏನೂ ಬೇಜಾರಾಗಲಿಲ್ಲ. ಎಚ್ಚರವಾದಾಗ ಕೇಳಿದ್ದು ಒಂದೇ: "ಆ ಹುಡುಗಿ ಊಟ ಮಾಡಿದ್ಲಾ?"

ವಾರ ಕಳೆಯುವ ಮೊದಲೇ ಅಮ್ಮ ನಮ್ಮನ್ನು ಬಿಟ್ಟು ಹೋಗಿಬಿಟ್ಟಳು. ಈ ಸಲ ಅವಳ ವರ್ಷದ ಬಲಿಪೂಜೆ, ಅಂದರೆ ಚರ್ಚಿನ ಪ್ರಾರ್ಥನೆ, ಇಟ್ಟಿದ್ದೇವೆ. ಇದು ನಿಮ್ಮ ಕಣ್ಣಿಗೆ ಬಿದ್ದರೆ ಬನ್ನಿ ಅಕ್ಕ, ಊಟಕ್ಕೂ ಇರಬೇಕು.